ಚಿಕ್ಕ ಲೇತ್‌ನಲ್ಲಿ ಥ್ರೆಡ್ ಹಾಕುವುದು: ಮೋಟಾರ್ ನಿಲ್ಲಿಸಿ, ಕೈಯಿಂದ ತಿರುಗಿಸಿ

ಮನೆಯಲ್ಲೊಂದು ಚಿಕ್ಕ ಲೇತ್ ಇಟ್ಟುಕೊಂಡವರಲ್ಲಿ ಅನೇಕರು ಫೇಸಿಂಗ್, ಟರ್ನಿಂಗ್, ಬೋರಿಂಗ್ ಎಲ್ಲವನ್ನೂ ಕಲಿತು ಥ್ರೆಡ್ಡಿನ ಹತ್ತಿರ ಬಂದಾಗ ಹಿಂಜರಿಯುತ್ತಾರೆ. ಹೊರ ಥ್ರೆಡ್ ಕತ್ತರಿಸುವ ಡೈ ಇದೆಯಲ್ಲ, ಒಳ ಥ್ರೆಡ್ ಕತ್ತರಿಸುವ ಟ್ಯಾಪ್ ಇದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಎಂ6, ಎಂ8 (6, 8 ಮಿಮೀ ವ್ಯಾಸದ ಮೆಟ್ರಿಕ್) ಬೋಲ್ಟಿಗೆ ಡೈ ಸಾಕು, ನಿಜ. ಆದರೆ ಕ್ಯಾಮೆರಾ ಲೆನ್ಸಿನ ಮುಂದೆ ಕೂರುವ 52 ಮಿಮೀ ವ್ಯಾಸದ, 0.75 ಮಿಮೀ ಪಿಚ್ಚಿನ (ಥ್ರೆಡ್ಡಿನ ಒಂದು ಸುತ್ತಿನಿಂದ ಮುಂದಿನ ಸುತ್ತಿಗಿರುವ ಅಂತರ) ಉಂಗುರಕ್ಕೆ ಡೈ ಹುಡುಕಿ ಎಲ್ಲಿಗೆ ಹೋಗುವುದು? ಹಿಂದೆ ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಬೈಕುಗಳನ್ನು ಮತ್ತೆ ರಸ್ತೆಗಿಳಿಸಲು ಹೊರಟವರಿಗೆ ಸಿಗದೇ ಹೋದ ಒಂದು ಆ್ಯಕ್ಸಲ್ಲನ್ನೋ ನಟ್ಟನ್ನೋ ತಾವೇ ಮಾಡಿಕೊಳ್ಳುವ ದಾರಿ ಲೇತ್ ಒಂದೇ. ಇನ್ನೊಂದು ಮಾತು: ಕೈಯಲ್ಲಿ ಹಿಡಿದು ತಿರುಗಿಸಿದ ಡೈ ಸ್ವಲ್ಪ ವಾಲಿದರೂ ಥ್ರೆಡ್ ವಾಲುತ್ತದೆ. ಲೇತ್ ಹಾಕಿದ ಥ್ರೆಡ್ ಜಾಬ್‌ನ, ಅಂದರೆ ಕತ್ತರಿಸುತ್ತಿರುವ ತುಂಡಿನ, ನಡುಗೆರೆಗೆ ನೇರವಾಗಿಯೇ ಇರುತ್ತದೆ.

ಹಿಂಜರಿಕೆಗೆ ಕಾರಣ ವೇಗ. ಮಾಮೂಲಿ ಟರ್ನಿಂಗ್‌ನಲ್ಲಿ ಜಾಬನ್ನು ತಿರುಗಿಸುವ ಸ್ಪಿಂಡಲ್ ಒಂದು ಸುತ್ತು ಸುತ್ತಿದರೆ ಟೂಲ್ 0.1 ಮಿಮೀ ಸರಿಯುತ್ತದೆ. ಎಂ12 ಬೋಲ್ಟಿನ ಥ್ರೆಡ್‌ನಲ್ಲಿ ಅದು ಸುತ್ತಿಗೆ 1.75 ಮಿಮೀ ಓಡಬೇಕು. ಸ್ಪಿಂಡಲ್ ನಿಮಿಷಕ್ಕೆ 100 ಸುತ್ತು ತಿರುಗುತ್ತಿದ್ದರೆ ಟೂಲನ್ನು ಹೊತ್ತ ಕ್ಯಾರೇಜ್ ಸೆಕೆಂಡಿಗೆ ಸುಮಾರು 3 ಮಿಮೀ ವೇಗದಲ್ಲಿ, ಜಾಬನ್ನು ಹಿಡಿದಿರುವ ಚಕ್ ಕಡೆಗೆ ನುಗ್ಗುತ್ತದೆ. ಶೋಲ್ಡರ್ (ಥ್ರೆಡ್ ಮುಗಿದು ಜಾಬ್ ದಪ್ಪವಾಗುವ ಮೆಟ್ಟಿಲು) ಹತ್ತಿರ ಬಂದಾಗ ಟೂಲನ್ನು ಹಿಂದೆಳೆದು ಮೋಟಾರನ್ನೂ ನಿಲ್ಲಿಸಲು ಒಂದು ಸೆಕೆಂಡೂ ಉಳಿಯುವುದಿಲ್ಲ. ಕಾರ್ಖಾನೆಯಲ್ಲಿ ವರ್ಷಗಟ್ಟಲೆ ದುಡಿದ ಟರ್ನರ್‌ನ ಕೈಗೆ ಅದು ಸಲೀಸು. ವಾರಕ್ಕೊಂದು ದಿನ ಲೇತ್ ಮುಟ್ಟುವವರಿಂದ ಆ ಚುರುಕನ್ನು ನಿರೀಕ್ಷಿಸುವುದೇ ತಪ್ಪು.

ಹಾಗಾಗಿ ನನ್ನ ಸಲಹೆ ನೇರವಾದದ್ದು: ಮೊದಮೊದಲ ಥ್ರೆಡ್‌ಗಳನ್ನು ಮೋಟಾರ್ ಇಲ್ಲದೆ, ಸ್ಪಿಂಡಲ್‌ಗೆ ಹ್ಯಾಂಡಲ್ ಹಾಕಿ ಕೈಯಿಂದ ತಿರುಗಿಸಿ ಹಾಕಿ. ಬಳಿಕವೂ ಚಿಕ್ಕ ಥ್ರೆಡ್‌ಗಳಿಗೆ ಇದೇ ವಿಧಾನ ನಿಮಗೆ ಹಿಡಿಸಿದರೆ ಅಚ್ಚರಿಯಿಲ್ಲ. ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಎಂ12, 1.75 ಪಿಚ್, 25 ಮಿಮೀ ಉದ್ದದ ಹೊರ ಥ್ರೆಡ್. ಇದನ್ನೇ ಆರಿಸಲು ಕಾರಣವಿದೆ: ಇದರ ನಟ್ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಸಿಗುತ್ತದೆ, ಅದೇ ನಿಮ್ಮ ಗೇಜ್. ಯಂತ್ರ, ಹವ್ಯಾಸಿಗಳ ಬಳಿ ಹೆಚ್ಚಾಗಿ ಕಾಣುವ ಮಿನಿ ಲೇತ್. ಕ್ಯಾರೇಜನ್ನು ಸರಿಸುವ ಲೀಡ್ ಸ್ಕ್ರೂ 1.5 ಮಿಮೀ ಪಿಚ್ಚಿನದು.

ಹ್ಯಾಂಡಲ್

ಸ್ಪಿಂಡಲ್‌ನ ಎಡತುದಿಯ ರಂಧ್ರಕ್ಕೆ ಬಿಗಿಯಾಗಿ ಕೂರುವ ಒಂದು ಕಂಬಿ, ಅದಕ್ಕೊಂದು ತೋಳು, ತೋಳಿಗೊಂದು ಹಿಡಿ. ಇಷ್ಟೇ. ಮಿನಿ ಲೇತ್‌ಗಳಲ್ಲಿ ಆ ರಂಧ್ರ ಸುಮಾರು 20 ಮಿಮೀ ಇರುತ್ತದೆ. ನಿಮ್ಮ ಯಂತ್ರದ್ದನ್ನು ವರ್ನಿಯರ್‌ನಿಂದ ಅಳೆದುಕೊಳ್ಳಿ. ಅದರೊಳಗೆ ಜಾರಿಕೊಂಡು ಹೋಗುವಷ್ಟು ದಪ್ಪಕ್ಕೆ ಕಂಬಿಯನ್ನು ಟರ್ನ್ ಮಾಡಿ, ನಡುವೆ 8 ಮಿಮೀ ಸ್ಟಡ್ ಹೋಗುವಂತೆ ಉದ್ದಕ್ಕೂ ರಂಧ್ರ ಕೊರೆಯಿರಿ. ಒಳಹೋಗುವ ತುದಿಯನ್ನು ಹ್ಯಾಕ್ಸಾದಿಂದ ಕೂಡು ಚಿಹ್ನೆಯ ಆಕಾರದಲ್ಲಿ 40 ಮಿಮೀ ಆಳಕ್ಕೆ ಸೀಳಿ. ಆ ತುದಿಗೆ ಒಂದು ಮೊಟಕು ಶಂಕುವಿನಾಕಾರದ ನಟ್ ಮಾಡಿ ಹಾಕಿದರೆ, ಹೊರಗಿನಿಂದ ಸ್ಟಡ್ ಬಿಗಿಸಿದಂತೆ ಶಂಕು ಒಳಕ್ಕೆಳೆದುಕೊಂಡು ಸೀಳಿದ ಭಾಗ ಹಿಗ್ಗಿ ಸ್ಪಿಂಡಲನ್ನು ಕಚ್ಚಿ ಹಿಡಿಯುತ್ತದೆ. ತೋಳಿನ ಉದ್ದ 120ರಿಂದ 150 ಮಿಮೀ ಇದ್ದರೆ ಸಾಕಷ್ಟು ಬಲ ಸಿಗುತ್ತದೆ.

ಇಲ್ಲಿ ಒಂದು ನಿಯಮಕ್ಕೆ ವಿನಾಯಿತಿಯೇ ಇಲ್ಲ. ಹ್ಯಾಂಡಲ್ ಹಾಕುವ ಮೊದಲು ಲೇತ್‌ನ ಪ್ಲಗ್ಗನ್ನು ಗೋಡೆಯ ಸಾಕೆಟ್‌ನಿಂದ ಕಿತ್ತು ಕಣ್ಣಿಗೆ ಕಾಣುವ ಕಡೆ ಇಡಿ. ಸ್ವಿಚ್ ಆರಿಸಿದರೆ ಸಾಲದು. ಹ್ಯಾಂಡಲ್ ಇರುವಾಗ ಅಕಸ್ಮಾತ್ ಮೋಟಾರ್ ಚಾಲೂ ಆದರೆ ಒಂದೇ ಕಡೆ ಭಾರವಿರುವ ಆ ಕಬ್ಬಿಣದ ತೋಳು ಮೊಣಕೈ ಮುರಿಯಬಲ್ಲದು. ಪ್ಲಗ್ ಕಿತ್ತ ಬಳಿಕ ಡ್ರೈವ್ ಬೆಲ್ಟನ್ನೂ ಸಡಿಲಿಸಿದರೆ ಕೈಗೆ ಹಗುರ.

ಗೇರ್ ಜೋಡಣೆ

ಸ್ಪಿಂಡಲ್ ಒಂದು ಸುತ್ತು ಸುತ್ತಿದಾಗ ಕ್ಯಾರೇಜ್ ಸರಿಯಾಗಿ ಒಂದು ಪಿಚ್‌ನಷ್ಟು ಸರಿಯಬೇಕು. ಈ ನಂಟನ್ನು ಕೂಡಿಸುವುದು ಎಡಬದಿಯ ಚೇಂಜ್ ಗೇರ್‌ಗಳು. ಲೆಕ್ಕ ಸರಳ: ನಮಗೆ ಬೇಕಾದ ಪಿಚ್ಚನ್ನು ಲೀಡ್ ಸ್ಕ್ರೂ ಪಿಚ್‌ನಿಂದ ಭಾಗಿಸಿ. 1.75 ಭಾಗಿಸು 1.5 ಎಂದರೆ 7/6. ಅಂದರೆ ಸ್ಪಿಂಡಲ್ ಕಡೆ 35 ಹಲ್ಲಿನ ಗೇರ್, ಲೀಡ್ ಸ್ಕ್ರೂ ಮೇಲೆ 30 ಹಲ್ಲಿನದು. ನಡುವಿನ ಅಂತರ ತುಂಬಲು ಯಾವುದಾದರೊಂದು ದೊಡ್ಡ ಗೇರ್. ನಡುವಿನ ಒಂಟಿ ಗೇರ್ ಅನುಪಾತವನ್ನು ಬದಲಿಸುವುದಿಲ್ಲ. ಇದೇ ಲೆಕ್ಕದಲ್ಲಿ 1 ಮಿಮೀ ಪಿಚ್‌ಗೆ 40 ಮತ್ತು 60, 1.25ಕ್ಕೆ 50 ಮತ್ತು 60, 2 ಮಿಮೀಗೆ 40 ಮತ್ತು 30. ಒಂಟಿ ಗೇರ್ ಆ ಅಂತರವನ್ನು ತುಂಬದಿದ್ದರೆ ನಡುವಿನ ಸ್ಟಡ್ ಮೇಲೆ ಎರಡು ಗೇರ್‌ಗಳನ್ನು ಜೋಡಿಯಾಗಿ ಹಾಕಬೇಕಾಗುತ್ತದೆ. ಆಗ ನಾಲ್ಕೂ ಗೇರ್‌ಗಳು ಲೆಕ್ಕಕ್ಕೆ ಬರುತ್ತವೆ: ತಿರುಗಿಸುವ ಎರಡರ ಗುಣಲಬ್ಧವನ್ನು ತಿರುಗಿಸಿಕೊಳ್ಳುವ ಎರಡರ ಗುಣಲಬ್ಧದಿಂದ ಭಾಗಿಸಿ.

ಹಲ್ಲುಗಳು ಬಿಗಿಯಾಗಿ ಕಚ್ಚಿಕೊಂಡರೆ ಕಿರುಗುಡುತ್ತವೆ, ಸವೆಯುತ್ತವೆ. ಎರಡು ಗೇರ್‌ಗಳ ನಡುವೆ ಹಾಳೆಯ ಒಂದು ಪಟ್ಟಿ ಇಟ್ಟು ಒತ್ತಿ ಬಿಗಿಸಿ, ಬಳಿಕ ತಿರುಗಿಸಿ ಹಾಳೆಯನ್ನು ತೆಗೆಯಿರಿ. ಬೇಕಾದಷ್ಟೇ ಸಡಿಲ ಉಳಿಯುತ್ತದೆ.

ನಮ್ಮಲ್ಲಿ ಹಳೆಯ ಬೆಲ್ಟ್ ಲೇತ್ ಕೊಂಡು ತರುವವರೂ ಇದ್ದಾರೆ. ಅವುಗಳಲ್ಲಿ ಅನೇಕದರ ಲೀಡ್ ಸ್ಕ್ರೂ ಇಂಚಿನ ಅಳತೆಯದು, ಹೆಚ್ಚಾಗಿ ಇಂಚಿಗೆ ನಾಲ್ಕು ಥ್ರೆಡ್. ಅಂಥ ಯಂತ್ರದಲ್ಲಿ ಮೆಟ್ರಿಕ್ ಥ್ರೆಡ್ ಹಾಕಲು 127 ಹಲ್ಲಿನ ಗೇರ್ ಬೇಕು, ಏಕೆಂದರೆ ಒಂದು ಇಂಚು 25.4 ಮಿಮೀ, ಅಂದರೆ 127/5. 127 ಅವಿಭಾಜ್ಯ ಸಂಖ್ಯೆಯಾದ್ದರಿಂದ ಅದನ್ನು ಚಿಕ್ಕದು ಮಾಡುವಂತಿಲ್ಲ. ಅಷ್ಟು ದೊಡ್ಡ ಗೇರ್‌ಗೆ ಜಾಗವಿಲ್ಲದಿದ್ದರೆ 80 ಮತ್ತು 63 ಹಲ್ಲಿನ ಜೋಡಿ ನೆರವಿಗೆ ಬರುತ್ತದೆ: 80/63 ಎಂದರೆ 1.26984, ಬೇಕಾದದ್ದು 1.27. ನೂರು ಮಿಲಿಮೀಟರ್ ಉದ್ದಕ್ಕೆ ವ್ಯತ್ಯಾಸ 0.0125 ಮಿಮೀ ಮಾತ್ರ. ನಟ್ ಬೋಲ್ಟಿನ ಕೆಲಸಕ್ಕೆ ಅದು ಲೆಕ್ಕಕ್ಕೇ ಇಲ್ಲ.

ಟೂಲ್

ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್ ಬಿಟ್ಟನ್ನೇ ಬಳಸಿ, ಕೈಯಾರೆ ಉಜ್ಜಿ ಮಾಡಿಕೊಳ್ಳಿ. ಕಾರ್ಬೈಡ್ ಇನ್ಸರ್ಟ್ ಕೆಟ್ಟದ್ದಲ್ಲ, ಆದರೆ ಅದು ವೇಗ ಕೇಳುತ್ತದೆ. ಕೈಯಿಂದ ತಿರುಗಿಸುವ ವೇಗದಲ್ಲಿ ಹರಿತವಾದ ಎಚ್‌ಎಸ್‌ಎಸ್ ಕೊಡುವ ನುಣುಪನ್ನು ಅದು ಕೊಡುವುದಿಲ್ಲ.

ಮೆಟ್ರಿಕ್ ಥ್ರೆಡ್ಡಿನ ಕೋನ 60 ಡಿಗ್ರಿ. ಅಮೆರಿಕದ ಯುಎನ್‌ಸಿ, ಯುಎನ್‌ಎಫ್ ಥ್ರೆಡ್‌ಗಳದ್ದೂ ಅಷ್ಟೇ. ಬ್ರಿಟನ್ನಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ ಥ್ರೆಡ್ಡಿನ ಕೋನ 55 ಡಿಗ್ರಿ. ಅದು ಹಳೆಯದಾಯಿತು ಎಂದುಕೊಳ್ಳಬೇಡಿ. ನಮ್ಮ ಮನೆಯ ನಲ್ಲಿ ಪೈಪುಗಳ ಬಿಎಸ್‌ಪಿ ಥ್ರೆಡ್ ಇಂದಿಗೂ 55 ಡಿಗ್ರಿಯದೇ, ಅರ್ಧ ಇಂಚಿನ ಪೈಪಿಗೆ ಇಂಚಿಗೆ 14 ಥ್ರೆಡ್. ಪೈಪಿನ ಕೆಲಸ ಮಾಡುವುದಿದ್ದರೆ ಅದಕ್ಕೆ ಬೇರೆ ಟೂಲ್ ಉಜ್ಜಿಟ್ಟುಕೊಳ್ಳಿ.

ಬೆಂಚ್ ಗ್ರೈಂಡರ್‌ನಲ್ಲಿ ಎರಡೂ ಬದಿ 30 ಡಿಗ್ರಿಯಂತೆ ಉಜ್ಜಿ, ಮೀನಿನ ಬಾಲದಂತೆ ಸೀಳಿರುವ ಸೆಂಟರ್ ಗೇಜ್‌ನ ಕೊರಕಲಿನಲ್ಲಿಟ್ಟು ಬೆಳಕಿಗೆ ಹಿಡಿದು ನೋಡಿ. ಬೆಳಕು ನುಸುಳದಿದ್ದರೆ ಕೋನ ಸರಿಯಿದೆ. ಅಂಚಿನ ಕೆಳಗೆ ಎರಡೂ ಬದಿಗೆ ಕ್ಲಿಯರೆನ್ಸ್ (ಜಾಬ್‌ಗೆ ಉಜ್ಜದಂತೆ ಒಳಸರಿದ ಇಳಿಜಾರು) ಬೇಕು, ಆದರೆ ಸಮವಾಗಿ ಅಲ್ಲ. ಎಂ12ರ ಥ್ರೆಡ್ ಜಾಬ್‌ನ ಸುತ್ತ ಸುಮಾರು 3 ಡಿಗ್ರಿ ಓರೆಯಾಗಿ ಹತ್ತುತ್ತದೆ, ಅಷ್ಟು ಕೋನವನ್ನು ಮುಂದೆ ನುಗ್ಗುವ ಬದಿ ಕಳೆದುಕೊಳ್ಳುತ್ತದೆ. ಆದ್ದರಿಂದ ಚಕ್ ಕಡೆಯ ಬದಿಗೆ 10ರಿಂದ 12 ಡಿಗ್ರಿ, ಇನ್ನೊಂದು ಬದಿಗೆ 6ರಿಂದ 8 ಡಿಗ್ರಿ ಕೊಡಿ. ಇದನ್ನು ಮರೆತವರ ಟೂಲ್ ಕತ್ತರಿಸುವ ಬದಲು ಉಜ್ಜುತ್ತದೆ, ಥ್ರೆಡ್ಡಿನ ಒಂದು ಬದಿ ಹರಿದಂತೆ ಕಾಣುತ್ತದೆ. ಟೂಲ್‌ನ ಮೇಲ್ಮೈ ಮಾತ್ರ ಮಟ್ಟವಾಗಿರಲಿ. ಅಲ್ಲಿ ಇಳಿಜಾರು ಕೊಟ್ಟರೆ 60 ಡಿಗ್ರಿ 60 ಆಗಿ ಉಳಿಯುವುದಿಲ್ಲ.

ಇನ್ನು ಮೂತಿ. ಥ್ರೆಡ್ ಎಷ್ಟು ಆಳ ಹೋಗಬೇಕು ಎಂಬುದಕ್ಕೆ ಒಂದೊಂದು ಕಡೆ ಒಂದೊಂದು ಸಂಖ್ಯೆ ಕಂಡು ಹೊಸಬರು ಗೊಂದಲಕ್ಕೆ ಬೀಳುತ್ತಾರೆ. ಆ ಸಂಖ್ಯೆಗಳೆಲ್ಲ ಸರಿಯೇ. ವ್ಯತ್ಯಾಸ ಇರುವುದು ಟೂಲ್‌ನ ಮೂತಿಯಲ್ಲಿ. ಬೋಲ್ಟು ನಟ್ಟಿಗೆ ಹೊಂದುವುದು ಇಳಿಜಾರು ಬದಿಗಳಿಂದ, ತಳದಿಂದಲ್ಲ. ಸೂಜಿಯಂತೆ ಚೂಪಾದ ಮೂತಿಯಾದರೆ ಬದಿಗಳು ಸರಿಯಾದ ಜಾಗ ತಲುಪಲು ಪಿಚ್‌ನ 0.758ರಷ್ಟು ಆಳ ಹೋಗಬೇಕು, ಎಂ12ಕ್ಕೆ 1.33 ಮಿಮೀ. ಮೂತಿಯಲ್ಲಿ ಪಿಚ್‌ನ ಎಂಟನೆಯ ಒಂದು ಭಾಗ, ಅಂದರೆ 0.22 ಮಿಮೀ ಚಪ್ಪಟೆ ಮಾಡಿದರೆ 0.65 ಪಟ್ಟು, ಅಂದರೆ 1.14 ಮಿಮೀ. ಸುಮಾರು 0.25 ಮಿಮೀ ತ್ರಿಜ್ಯದಲ್ಲಿ ದುಂಡಗೆ ಮಾಡಿದರೆ 0.613 ಪಟ್ಟು, 1.07 ಮಿಮೀ. ಚೂಪು ಮೂತಿ ಬೇಗ ಉದುರುತ್ತದೆ, ಜೊತೆಗೆ ಥ್ರೆಡ್ಡಿನ ತಳದಲ್ಲಿ ಬಿರುಕಿಗೆ ಜಾಗ ಮಾಡಿಕೊಡುತ್ತದೆ. ಆಯಿಲ್ ಸ್ಟೋನ್ ಮೇಲೆ ನಾಲ್ಕಾರು ಬಾರಿ ಸವರಿ ಮೂತಿಯನ್ನು ದುಂಡಗೆ ಮಾಡಿಕೊಳ್ಳಿ.

ಜಾಬ್

ಕಲಿಯುವಾಗ ಇಎನ್1ಎ ಎಂಬ ಸುಲಭವಾಗಿ ಕತ್ತರಿಸುವ ಉಕ್ಕನ್ನೋ ಹಿತ್ತಾಳೆಯನ್ನೋ ತನ್ನಿ. ಮಾಮೂಲಿ ಎಂಎಸ್ (ಮೈಲ್ಡ್ ಸ್ಟೀಲ್) ಸರಳು ಅಂಟಂಟಾಗಿ ಹರಿಯುತ್ತದೆ. ಅದರ ಮೇಲೆ ಮೊದಲ ಥ್ರೆಡ್ ಹಾಕಿ ಅಂದಗೆಟ್ಟದ್ದನ್ನು ಕಂಡು ತಮ್ಮ ಕೈಯನ್ನೇ ಶಂಕಿಸಿದವರು ಬಹಳ.

ಸರಳನ್ನು 12 ಮಿಮೀಗಲ್ಲ, 11.85ರಿಂದ 11.9 ಮಿಮೀಗೆ ಟರ್ನ್ ಮಾಡಿ. ಮಾಮೂಲಿ ಬೋಲ್ಟಿಗೆ ಹಿಡಿಯುವ 6ಜಿ ದರ್ಜೆಯಲ್ಲಿ ಹೊರ ವ್ಯಾಸ 11.70ರಿಂದ 11.97ರವರೆಗೆ ಇರಬಹುದು. ಕತ್ತರಿಸುವಾಗ ಥ್ರೆಡ್ಡಿನ ತುದಿ ತುಸು ಉಬ್ಬುವುದರಿಂದ ಪೂರ್ತಿ 12 ಇಟ್ಟರೆ ನಟ್ ಹತ್ತುವುದಿಲ್ಲ. ತುದಿಗೆ 45 ಡಿಗ್ರಿಯಲ್ಲಿ ಸುಮಾರು 1.2 ಮಿಮೀ ಚೇಂಫರ್ (ಓರೆ ಅಂಚು) ಕೊಡಿ. ಥ್ರೆಡ್ ಮುಗಿಯುವ ಕಡೆ, ಶೋಲ್ಡರ್ ಪಕ್ಕದಲ್ಲಿ, 4ರಿಂದ 5 ಮಿಮೀ ಅಗಲದ ಕಾಲುವೆ ತೋಡಿ ಅಲ್ಲಿನ ವ್ಯಾಸವನ್ನು 9.7 ಮಿಮೀಗೆ ಇಳಿಸಿ. ಥ್ರೆಡ್ಡಿನ ತಳ 9.85 ಮಿಮೀ ಸುಮಾರಿಗೆ ಬರುವುದರಿಂದ ಟೂಲ್ ಆ ಕಾಲುವೆಯಲ್ಲಿ ಏನನ್ನೂ ಮುಟ್ಟದೆ ನಿಲ್ಲುತ್ತದೆ. ಚಕ್‌ನಿಂದ 30 ಮಿಮೀಗಿಂತ ಹೆಚ್ಚು ಹೊರಚಾಚಿದ್ದರೆ ಟೇಲ್‌ಸ್ಟಾಕ್‌ನ ಲೈವ್ ಸೆಂಟರ್ (ಜಾಬ್‌ನ ಬಲತುದಿಯನ್ನು ಹಿಡಿದು ಜೊತೆಗೇ ತಿರುಗುವ ಮೊನೆ) ಆಸರೆ ಕೊಡಲೇಬೇಕು. ಇಲ್ಲದಿದ್ದರೆ ಜಾಬ್ ಬಾಗಿ, ತುದಿಯಲ್ಲಿ ಥ್ರೆಡ್ ದಪ್ಪವಾಗುತ್ತದೆ.

ಟೂಲ್ ಕೂರಿಸುವುದು

ಮೂತಿ ಸರಿಯಾಗಿ ಸೆಂಟರ್ ಎತ್ತರದಲ್ಲಿ, ಅಂದರೆ ಜಾಬ್‌ನ ನಡುಗೆರೆಯ ಮಟ್ಟದಲ್ಲಿ, ಇರಬೇಕು. ಜಾಬ್‌ಗೂ ಮೂತಿಗೂ ನಡುವೆ ತೆಳುವಾದ ಸ್ಟೀಲ್ ಸ್ಕೇಲ್ ಇಟ್ಟು ಮೆತ್ತಗೆ ಒತ್ತಿ. ಸ್ಕೇಲ್ ನೆಟ್ಟಗೆ ನಿಂತರೆ ಎತ್ತರ ಸರಿ. ಅದರ ಮೇಲ್ತುದಿ ನಿಮ್ಮಿಂದ ಆಚೆ ವಾಲಿದರೆ ಟೂಲ್ ಮೇಲಿದೆ, ನಿಮ್ಮ ಕಡೆ ವಾಲಿದರೆ ಕೆಳಗಿದೆ. ಬಳಿಕ ಸೆಂಟರ್ ಗೇಜನ್ನು ಜಾಬ್‌ನ ಪಕ್ಕಕ್ಕೆ ಒರಗಿಸಿ, ಅದರ ಕೊರಕಲಿಗೆ ಮೂತಿಯನ್ನು ತಂದು, ಕೆಳಗೆ ಬಿಳಿ ಹಾಳೆಯಿಟ್ಟು ನೋಡುತ್ತಾ ಟೂಲನ್ನು ನೇರಗೊಳಿಸಿ. ಇಲ್ಲಿ ಅವಸರ ಮಾಡಿದರೆ ಥ್ರೆಡ್ ಒಂದು ಕಡೆಗೆ ಓರೆಯಾಗಿ ನಿಲ್ಲುತ್ತದೆ, ನಟ್ ಹತ್ತಿದರೂ ಒಂದೇ ಬದಿಯಲ್ಲಿ ಹಿಡಿಯುತ್ತದೆ.

ಕಟ್ ಕೊಡಲು ಮೂರು ದಾರಿಗಳಿವೆ. ನೇರವಾಗಿ ಕ್ರಾಸ್ ಸ್ಲೈಡ್‌ನಿಂದ (ಟೂಲನ್ನು ಜಾಬ್‌ಗೆ ಅಡ್ಡಲಾಗಿ ಸರಿಸುವ ಭಾಗ) ಒಳನುಗ್ಗಿಸುವುದು ಮೊದಲನೆಯದು. ಆಗ ಎರಡೂ ಬದಿ ಒಟ್ಟಿಗೆ ಕತ್ತರಿಸುತ್ತವೆ, ಎರಡು ಕಡೆಯಿಂದ ಬರುವ ಲೋಹದ ಸುರುಳಿ ಮೂತಿಯಲ್ಲಿ ಡಿಕ್ಕಿ ಹೊಡೆಯುತ್ತದೆ. ಒಂದು ಮಿಮೀ ಪಿಚ್‌ವರೆಗೆ ಪರವಾಗಿಲ್ಲ, ಅದರಾಚೆ ಚಿಕ್ಕ ಲೇತ್ ನಡುಗುತ್ತದೆ. ಎರಡನೆಯದು ಶಾಸ್ತ್ರೋಕ್ತವಾದದ್ದು: ಕಾಂಪೌಂಡನ್ನು (ಕ್ರಾಸ್ ಸ್ಲೈಡ್ ಮೇಲೆ ಕೂತ, ಬೇಕಾದ ಕೋನಕ್ಕೆ ತಿರುಗುವ ಚಿಕ್ಕ ಸ್ಲೈಡ್) ಕ್ರಾಸ್ ಸ್ಲೈಡ್‌ನ ಗೆರೆಯಿಂದ 29.5 ಡಿಗ್ರಿ ಬಲಕ್ಕೆ ತಿರುಗಿಸಿ ಅದರ ಹ್ಯಾಂಡಲ್‌ನಿಂದಲೇ ಆಳ ಕೊಡುವುದು. ಆಗ ಚಕ್ ಕಡೆಯ ಬದಿಯೊಂದೇ ಕತ್ತರಿಸುತ್ತದೆ, ಇನ್ನೊಂದು ಬದಿ ಸವರಿಕೊಂಡು ಹೋಗುತ್ತದೆ. ಒಂದು ಎಚ್ಚರಿಕೆ: ಕೆಲವು ಲೇತ್‌ಗಳಲ್ಲಿ ಕಾಂಪೌಂಡ್ ಲೇತ್‌ನ ಉದ್ದಕ್ಕಿರುವ ಬೆಡ್‌ಗೆ ಸಮಾನಾಂತರವಾಗಿರುವಾಗ ಡಿಗ್ರಿ ಗುರುತು ಸೊನ್ನೆ ತೋರಿಸುತ್ತದೆ. ಅಲ್ಲಿ 29.5 ಎಂದು ಕಂಡದ್ದನ್ನೇ ನಂಬಿದರೆ ಕೋನ ತಪ್ಪುತ್ತದೆ, 60.5 ಬೇಕಾಗುತ್ತದೆ.

ಮೂರನೆಯದು ಮಿನಿ ಲೇತ್‌ಗೆ ಹೇಳಿ ಮಾಡಿಸಿದಂತಿದೆ, ನಾನು ಆರಿಸುವುದೂ ಇದನ್ನೇ. ಕಾಂಪೌಂಡನ್ನು ಬೆಡ್‌ಗೆ ಸಮಾನಾಂತರವಾಗಿಯೇ ಬಿಡಿ. ಕ್ರಾಸ್ ಸ್ಲೈಡ್‌ನಿಂದ 0.1 ಮಿಮೀ ಆಳ ಕೊಟ್ಟಾಗಲೆಲ್ಲ ಕಾಂಪೌಂಡನ್ನು ಚಕ್ ಕಡೆಗೆ 0.05 ಮಿಮೀ ಸರಿಸಿ. ಫಲ ಎರಡನೆಯ ವಿಧಾನದ್ದೇ, ಆದರೆ ಕಾಂಪೌಂಡ್ ಕಳಚಿ ತಿರುಗಿಸುವ ರಗಳೆಯಿಲ್ಲ, ಕ್ರಾಸ್ ಸ್ಲೈಡ್ ಡಯಲ್ ತೋರಿಸುವುದೇ ನಿಜವಾದ ಆಳ. ಡಯಲ್ ತ್ರಿಜ್ಯ ತೋರಿಸುತ್ತದೆಯೋ ವ್ಯಾಸ ತೋರಿಸುತ್ತದೆಯೋ ಎಂಬುದನ್ನು ಮಾತ್ರ ಡಯಲ್ ಗೇಜ್ ಹಿಡಿದು ಒಮ್ಮೆ ಖಚಿತಪಡಿಸಿಕೊಳ್ಳಿ.

ಕಟ್

ಮೂತಿಯನ್ನು ಜಾಬ್‌ಗೆ ಮುಟ್ಟಿಸಿ ಎರಡೂ ಡಯಲ್‌ಗಳನ್ನು ಸೊನ್ನೆ ಮಾಡಿ. ಟೂಲನ್ನು ಹಿಂದೆಳೆದು, ಕ್ಯಾರೇಜನ್ನು ಜಾಬ್‌ನ ಬಲತುದಿಯಿಂದ 5 ಮಿಮೀ ಆಚೆ ತಂದು, ಕ್ಯಾರೇಜನ್ನು ಲೀಡ್ ಸ್ಕ್ರೂಗೆ ಕೂಡಿಸುವ ಹಾಫ್ ನಟ್ ಹಾಕಿ. ಟೇಲ್‌ಸ್ಟಾಕ್ ಸೆಂಟರ್‌ಗೆ ಟೂಲ್ ತಾಗದಂತೆ ನೋಡಿಕೊಳ್ಳಿ. ಈಗ ಹಾಕಿದ ಹಾಫ್ ನಟ್ಟನ್ನು ಥ್ರೆಡ್ ಪೂರ್ತಿ ಮುಗಿಯುವವರೆಗೆ ಬಿಡಿಸಬೇಡಿ. ಬಿಡಿಸಿ ಮತ್ತೆ ಹಾಕಿದರೆ ಟೂಲ್ ಹಳೆಯ ಹಾದಿಯಲ್ಲೇ ಕೂರುತ್ತದೆಂಬ ಖಾತ್ರಿಯಿಲ್ಲ. ಪಿಚ್ 1.5, 0.75, 0.5 ಆಗಿದ್ದರೆ, ಅಂದರೆ ಲೀಡ್ ಸ್ಕ್ರೂ ಪಿಚ್‌ನಲ್ಲಿ ಶೇಷವಿಲ್ಲದೆ ಹೋಗುವಂಥದ್ದಾದರೆ, ಎಲ್ಲಿ ಹಾಕಿದರೂ ಸರಿಹೋಗುತ್ತದೆ. 1.75 ಹಾಗಲ್ಲ. ಥ್ರೆಡ್ ಡಯಲ್ ಎಂಬ ಸಾಧನ ಇದಕ್ಕೆಂದೇ ಇದೆ, ಆದರೆ ಕೈಯಿಂದ ತಿರುಗಿಸುವಾಗ ಅದರ ಅಗತ್ಯವೇ ಬೀಳದು.

ಮೊದಲ ಕಟ್ 0.05 ಮಿಮೀ, ಬರೀ ಗೀರು. ಹ್ಯಾಂಡಲ್ ತಿರುಗಿಸಿ ಕಾಲುವೆಯವರೆಗೆ ತಂದು ನಿಲ್ಲಿಸಿ, ಟೂಲ್ ಹಿಂದೆಳೆದು, ಹ್ಯಾಂಡಲನ್ನು ಹಿಮ್ಮುಖವಾಗಿ ತಿರುಗಿಸಿ ಶುರುವಿನ ಜಾಗಕ್ಕೆ ಬನ್ನಿ. ಈಗ ವರ್ನಿಯರ್ ತೆಗೆದುಕೊಂಡು ಹತ್ತು ಪಿಚ್ ಅಳೆಯಿರಿ: 17.5 ಮಿಮೀ ಬರಬೇಕು. ಪಿಚ್ ಗೇಜ್ ಇದ್ದರೆ ಅದನ್ನೂ ಇಟ್ಟು ನೋಡಿ. ಗೇರ್ ತಪ್ಪಾಗಿದ್ದರೆ ಈಗಲೇ ತಿಳಿಯುತ್ತದೆ, ಗೀರನ್ನು ಒಂದು ತೆಳು ಕಟ್‌ನಲ್ಲಿ ಅಳಿಸಿಬಿಡಬಹುದು.

ಸರಿಯಿದ್ದರೆ ಮುಂದಿನ ಆಳಗಳು ಹೀಗಿರಲಿ: 0.25, 0.40, 0.52, 0.62, 0.71, 0.78, 0.84, 0.90, 0.95, 0.99, 1.02. ಪ್ರತಿ ಬಾರಿ ಕೊಡುವ ಆಳ ಕಡಿಮೆಯಾಗುತ್ತಾ ಹೋಗುವುದನ್ನು ಗಮನಿಸಿ. ಕಣಿವೆ ಆಳವಾದಷ್ಟೂ ಟೂಲ್ ಕತ್ತರಿಸುವ ಅಂಚಿನ ಉದ್ದ ಹೆಚ್ಚುತ್ತದೆ, ಅದೇ 0.1 ಮಿಮೀ ಕೊನೆಯಲ್ಲಿ ಮೊದಲಿನ ಹಲವು ಪಟ್ಟು ಲೋಹವನ್ನು ಕೀಳುತ್ತದೆ. ಕೊನೆಯ ಎರಡು ಕಟ್‌ಗಳಲ್ಲಿ ಕಾಂಪೌಂಡ್ ಸರಿಸಬೇಡಿ, ಕ್ರಾಸ್ ಸ್ಲೈಡ್ ಮಾತ್ರ ಒತ್ತಿ; ಬಲಬದಿಯೂ ನುಣುಪಾಗುತ್ತದೆ.

ಪ್ರತಿ ಕಟ್‌ಗೂ ಮೊದಲು ಉಕ್ಕಿಗೆ ಕಟಿಂಗ್ ಆಯಿಲ್ ಬ್ರಷ್‌ನಿಂದ ಹಚ್ಚಿ. ಅಲ್ಯೂಮಿನಿಯಂ ಆದರೆ ಸೀಮೆಎಣ್ಣೆ, ಹಿತ್ತಾಳೆಗೆ ಏನೂ ಬೇಡ. ಕಣಿವೆಯಲ್ಲಿ ಕೂತ ಚೂರುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಿರಿ. ಬಟ್ಟೆ ಬೇಡವೇ ಬೇಡ, ಮೋಟಾರ್ ಬಳಸುವ ದಿನಗಳಲ್ಲಂತೂ ಖಂಡಿತ ಬೇಡ: ತಿರುಗುವ ಥ್ರೆಡ್ ಬಟ್ಟೆಯ ಎಳೆಯನ್ನು ಹಿಡಿದರೆ ಬಟ್ಟೆಯ ಹಿಂದೆಯೇ ಬೆರಳನ್ನೂ ಎಳೆದುಕೊಳ್ಳುತ್ತದೆ. ಕೈಗವಸು, ಸಡಿಲ ತೋಳು, ಉಂಗುರಕ್ಕೂ ಇದೇ ಮಾತು.

ಹಿಂದಕ್ಕೆ ಬಂದಾಗ ಪ್ರತಿ ಬಾರಿಯೂ ಜಾಬ್‌ನ ತುದಿಯನ್ನು ದಾಟಿ 4–5 ಮಿಮೀ ಆಚೆ ಹೋಗಿ. ಗೇರ್, ಲೀಡ್ ಸ್ಕ್ರೂ, ಹಾಫ್ ನಟ್‌ಗಳಲ್ಲಿರುವ ಪ್ಲೇ (ಸಡಿಲು) ಎಲ್ಲವೂ ಮುಂದಕ್ಕೆ ತಿರುಗಿಸುವ ಮೊದಲೆರಡು ಸುತ್ತಿನಲ್ಲಿ ಮುಗಿದು, ಟೂಲ್ ಜಾಬ್ ಮುಟ್ಟುವ ಹೊತ್ತಿಗೆ ಹಿಡಿತಕ್ಕೆ ಬಂದಿರಬೇಕು. ಇದನ್ನು ಕಡೆಗಣಿಸಿದರೆ ಥ್ರೆಡ್ಡಿನ ಮೊದಲ ಸುತ್ತು ತೆಳುವಾಗುತ್ತದೆ.

25 ಮಿಮೀ ಉದ್ದಕ್ಕೆ ಒಂದು ಕಟ್ ಎಂದರೆ ಸುಮಾರು 17 ಸುತ್ತು. ಹದಿನೈದು ಕಟ್‌ಗಳು, ಹೋಗಿ ಬರುವುದು ಸೇರಿ 500 ಸುತ್ತಿನಷ್ಟಾಗುತ್ತದೆ. ತೋಳು ನೋಯುವ ಕೆಲಸವೇ. ಆದರೆ ಟೂಲ್ ಎಲ್ಲಿ ಬಿಗಿಯುತ್ತಿದೆ, ಎಲ್ಲಿ ಉಜ್ಜುತ್ತಿದೆ, ಮೂತಿ ಯಾವಾಗ ಮೊಂಡಾಯಿತು ಎಂಬುದೆಲ್ಲ ಅಂಗೈಗೆ ತಿಳಿಯುತ್ತದೆ. ಮೋಟಾರ್ ಈ ಸುದ್ದಿಯನ್ನು ನಿಮಗೆ ಮುಟ್ಟಿಸುವುದಿಲ್ಲ.

ಅಳತೆ

ಆಳ 0.95 ದಾಟಿದ ಮೇಲೆ ಡಯಲ್ ನಂಬುವುದನ್ನು ಬಿಟ್ಟು ಅಳೆಯಲು ಶುರು ಮಾಡಿ. ಮೂತಿಯ ಆಕಾರ, ಜಾಬ್‌ನ ಬಾಗು, ಮೊದಲ ವ್ಯಾಸ ಎಲ್ಲವೂ ಸೇರಿ 1.07 ಎಂಬ ಸಂಖ್ಯೆಯನ್ನು ಅತ್ತಿತ್ತ ತಳ್ಳಿರುತ್ತವೆ. ಅಂಗಡಿಯಿಂದ ತಂದ ನಟ್ ತಿರುಗಿಸಿ ನೋಡುವುದು ಸುಲಭದ ದಾರಿ. ನೋಡುವ ಮೊದಲು ಟೂಲನ್ನು ಹಿಂದೆಳೆದು ಸೆಂಟರ್ ಸರಿಸಿ, ತುದಿಯ ಬರ್ (ಎದ್ದು ನಿಂತ ಚೂಪು ಅಂಚು) ತೆಗೆಯಿರಿ. ಜಾಬನ್ನು ಚಕ್‌ನಿಂದ ಮಾತ್ರ ತೆಗೆಯಬೇಡಿ. ನಟ್ ತುದಿಯಲ್ಲಿ ಹಿಡಿದರೆ ಇನ್ನು 0.02–0.03 ಮಿಮೀ ಮಾತ್ರ ಕೊಡಿ, ಬಳಿಕ ಆಳ ಬದಲಿಸದೆ ಅದೇ ಜಾಗದಲ್ಲಿ ಎರಡು ಬಾರಿ ಓಡಿಸಿ. ಬಾಗಿದ್ದ ಜಾಬ್ ನೆಟ್ಟಗಾಗುತ್ತಾ ಆಗಲೂ ಲೋಹ ಕೊಡುತ್ತದೆ.

ಅಂಗಡಿಯ ನಟ್ಟೇ ಸಡಿಲವಿದ್ದರೆ? ಆಗ ಮೂರು ತಂತಿಯ ವಿಧಾನ. ಇದಕ್ಕೆ ದುಬಾರಿ ಸೆಟ್ ಬೇಕಿಲ್ಲ. ಈ ಪಿಚ್‌ಗೆ ಅತ್ಯಂತ ಹೊಂದುವ ತಂತಿಯ ದಪ್ಪ ಪಿಚ್‌ನ 0.577 ಪಟ್ಟು, ಅಂದರೆ 1.01 ಮಿಮೀ, 1 ಮಿಮೀ ಡ್ರಿಲ್ ಬಿಟ್‌ಗಳ ಹಿಂಬದಿಯ ದುಂಡು ಭಾಗ ಚೆನ್ನಾಗಿ ಒದಗುತ್ತದೆ. ಮೈಕ್ರೋಮೀಟರ್‌ನಲ್ಲಿ ಅವುಗಳ ದಪ್ಪವನ್ನು ಮೊದಲು ಅಳೆದಿಟ್ಟುಕೊಳ್ಳಿ. ಒಂದು ಬದಿಯ ಎರಡು ಕಣಿವೆಗಳಲ್ಲಿ ಎರಡು, ಎದುರು ಬದಿಯಲ್ಲಿ ಒಂದು ಇಟ್ಟು, ಗ್ರೀಸ್ ಹಚ್ಚಿ ಅಂಟಿಸಿ, ಮೂರರ ಮೇಲೂ ಮೈಕ್ರೋಮೀಟರ್ ಹಿಡಿಯಿರಿ. ಓದಿದ ಅಳತೆಯಿಂದ ತಂತಿಯ ದಪ್ಪದ ಮೂರು ಪಟ್ಟನ್ನು ಕಳೆದು, ಪಿಚ್‌ನ 0.866 ಪಟ್ಟನ್ನು ಕೂಡಿಸಿದರೆ ಪಿಚ್ ವ್ಯಾಸ (ಥ್ರೆಡ್ಡಿನ ಉಬ್ಬು, ಕಣಿವೆ ಎರಡೂ ಸಮ ಅಗಲವಿರುವ ಜಾಗದ ವ್ಯಾಸ) ಸಿಗುತ್ತದೆ. ಎಂ12ರ 6ಜಿ ದರ್ಜೆಗೆ ಅದು 10.68ರಿಂದ 10.83 ಮಿಮೀ ಒಳಗಿರಬೇಕು. ತಂತಿ ಸರಿಯಾಗಿ 1 ಮಿಮೀ ಇದ್ದರೆ ಮೈಕ್ರೋಮೀಟರ್ 12.16ರಿಂದ 12.31 ತೋರಿಸುತ್ತದೆ. ಈ ಅಳತೆ ಸಿಕ್ಕಿದ ದಿನ ನಿಮ್ಮ ಥ್ರೆಡ್ ಯಾವ ಕಾರ್ಖಾನೆಯ ಬೋಲ್ಟಿಗೂ ಕಡಿಮೆಯಿಲ್ಲ.

ತುದಿಯಲ್ಲಿ ಕೂದಲಿನಂತೆ ತೆಳುವಾಗಿ ಶುರುವಾಗುವ ಮೊದಲ ಅರ್ಧ ಸುತ್ತನ್ನು ಚಿಕ್ಕ ಅರದಿಂದ ಉಜ್ಜಿ ತೆಗೆಯಿರಿ. ಅದು ಉಳಿದರೆ ನಟ್ ಅಡ್ಡಡ್ಡ ಹತ್ತಲು ದಾರಿಯಾಗುತ್ತದೆ. ಎಂ12 ಡೈ ನಿಮ್ಮ ಬಳಿ ಇದ್ದರೆ 0.9 ಆಳದವರೆಗೆ ಟೂಲ್‌ನಿಂದ ಹೋಗಿ, ಕೊನೆಯ ಹೆಜ್ಜೆಯನ್ನು ಡೈಗೆ ಬಿಡಬಹುದು. ಇದನ್ನು ಕೀಳಾಗಿ ಕಾಣುವವರಿದ್ದಾರೆ, ನಾನು ಒಪ್ಪುವುದಿಲ್ಲ. ಆಗಲೇ ಇರುವ ಕಣಿವೆ ಡೈಯನ್ನು ನೆಟ್ಟಗೆ ಹಿಡಿಯುತ್ತದೆ, ಥ್ರೆಡ್ ನೇರವೂ ಅಳತೆಗೆ ಸರಿಯೂ ಆಗುತ್ತದೆ.

ನಡುವೆ ಟೂಲ್ ಮೊಂಡಾದರೆ

ಟೂಲನ್ನು ತೆಗೆದು ಉಜ್ಜಿ ಮತ್ತೆ ಕೂರಿಸಿದಾಗ ಮೂತಿ ಹಳೆಯ ಕಣಿವೆಗೆ ಎದುರಾಗಿ ಇರುವುದಿಲ್ಲ. ಸೆಂಟರ್ ಗೇಜ್‌ನಿಂದ ಮತ್ತೆ ನೇರ ಮಾಡಿ. ಹಾಫ್ ನಟ್ ಹಾಕಿಯೇ ಇರಲಿ. ಟೂಲ್ ಜಾಬ್ ಮುಟ್ಟದಂತೆ ಹಿಂದಿಟ್ಟು ಹ್ಯಾಂಡಲನ್ನು ಮುಂದಕ್ಕೇ ತಿರುಗಿಸಿ ಥ್ರೆಡ್ಡಿನ ನಡುಭಾಗಕ್ಕೆ ಬಂದು ನಿಲ್ಲಿ. ಮುಂದಕ್ಕೇ ಎಂಬುದು ಮುಖ್ಯ, ಪ್ಲೇ ಎಲ್ಲ ಆ ಕಡೆಗೆ ಮುಗಿದಿರಬೇಕು. ಈಗ ಕಾಂಪೌಂಡ್ ಮತ್ತು ಕ್ರಾಸ್ ಸ್ಲೈಡ್ ಎರಡನ್ನೂ ಆಡಿಸುತ್ತಾ ಮೂತಿಯನ್ನು ಕಣಿವೆಯ ತಳಕ್ಕೆ ಇಳಿಸಿ, ಹಿಂದೆ ಬಿಳಿ ಹಾಳೆ ಹಿಡಿದು ಎರಡೂ ಬದಿಯ ಬೆಳಕು ಸಮವಾಗಿದೆಯೇ ನೋಡಿ. ಅಲ್ಲಿ ಡಯಲ್‌ಗಳನ್ನು ಹೊಸದಾಗಿ ಸೊನ್ನೆ ಮಾಡಿದರೆ ಕೆಲಸ ಮುಂದುವರಿಯುತ್ತದೆ. ಬೇರೆಡೆ ಮಾಡಿದ ಬೋಲ್ಟಿನ ಹಾಳಾದ ಥ್ರೆಡ್ ಸರಿಪಡಿಸುವುದೂ ಹೀಗೆಯೇ.

ಮೋಟಾರ್‌ನಿಂದಲೇ ಹಾಕುವುದಾದರೆ

ಉದ್ದ ಥ್ರೆಡ್‌ಗಳಿಗೆ, ದೊಡ್ಡ ವ್ಯಾಸಕ್ಕೆ ಕೈ ಸಾಲದು. ಆಗ ಶೋಲ್ಡರ್ ಕಡೆಗೆ ಓಡುವ ಬದಲು ಶೋಲ್ಡರ್‌ನಿಂದ ಆಚೆಗೆ ಓಡಿ. ಟೂಲನ್ನು ತಲೆಕೆಳಗಾಗಿ ಹಿಡಿದು, ಸ್ಪಿಂಡಲನ್ನು ಹಿಮ್ಮುಖವಾಗಿ ತಿರುಗಿಸಿ. ಗೇರ್‌ಗಳು ಹಾಗೆಯೇ ಇರಲಿ. ಕ್ಯಾರೇಜ್ ಈಗ ಕಾಲುವೆಯಲ್ಲಿ ಶುರುವಾಗಿ ಟೇಲ್‌ಸ್ಟಾಕ್ ಕಡೆಗೆ ಹೋಗುತ್ತದೆ, ಥ್ರೆಡ್ ಮಾತ್ರ ಬಲಗೈ ಥ್ರೆಡ್ಡೇ ಆಗಿರುತ್ತದೆ. ತಡವಾಗಿ ನಿಲ್ಲಿಸಿದರೂ ಟೂಲ್ ಖಾಲಿ ಜಾಗಕ್ಕೆ ಹೊರಬರುತ್ತದೆ. ಟೂಲ್‌ಗೆ ಬೇರೆ ಕ್ಲಿಯರೆನ್ಸ್ ಉಜ್ಜುವುದೂ ಬೇಡ: ತಲೆಕೆಳಗಾದಾಗ ಹೆಚ್ಚು ಕ್ಲಿಯರೆನ್ಸ್ ಇದ್ದ ಬದಿ ತಾನಾಗಿಯೇ ಬಲಕ್ಕೆ, ಅಂದರೆ ಈಗ ಮುಂದೆ ನುಗ್ಗುವ ಕಡೆಗೆ ಬರುತ್ತದೆ. ಕಾಂಪೌಂಡ್ ಸರಿಸುವುದು ಈಗ ಟೇಲ್‌ಸ್ಟಾಕ್ ಕಡೆಗೆ.

ಮೂರು ವಿಷಯ ನೋಡಿಕೊಳ್ಳಿ. ಸ್ಪಿಂಡಲ್ ಮೂಗಿಗೆ ಥ್ರೆಡ್‌ನಿಂದ ತಿರುಗಿಸಿ ಹಾಕುವ ಚಕ್ ಇದ್ದರೆ ಈ ವಿಧಾನ ಬೇಡ, ಹಿಮ್ಮುಖದ ಬಲಕ್ಕೆ ಚಕ್ ಕಳಚಿಕೊಂಡು ಬರುತ್ತದೆ. ಬೋಲ್ಟ್‌ನಿಂದ ಹಿಡಿಸಿದ ಚಕ್ ಆದರೆ ಭಯವಿಲ್ಲ. ತಲೆಕೆಳಗಾದ ಟೂಲ್‌ನ ಮೂತಿ ಅದರ ತಳದಲ್ಲಿರುವುದರಿಂದ, ಸೆಂಟರ್ ಎತ್ತರ ಹೊಂದಿಸಲು ಟೂಲನ್ನು ಅದರ ದಪ್ಪದಷ್ಟು ಮೇಲೆತ್ತಬೇಕಾಗುತ್ತದೆ. 6 ಮಿಮೀ ದಪ್ಪದ ಬಿಟ್ ಬಳಸಿದರೆ ಟೂಲ್ ಪೋಸ್ಟಿನಲ್ಲಿ ಜಾಗ ಸಿಗುತ್ತದೆ. ಕಟ್‌ನ ಬಲ ಈಗ ಕ್ಯಾರೇಜನ್ನು ಮೇಲೆತ್ತುತ್ತದೆ. ಅದನ್ನು ಕೆಳಗೆ ಹಿಡಿಯುವ ಪಟ್ಟಿಗಳು ಮಿನಿ ಲೇತ್‌ಗಳಲ್ಲಿ ದುರ್ಬಲ, ಅವನ್ನು ಮೊದಲು ಸರಿಯಾಗಿ ಬಿಗಿಸಿ, ಆಳವನ್ನೂ ಕಡಿಮೆ ಕೊಡಿ.

ಒಳ ಥ್ರೆಡ್

ಎಂ12ರವರೆಗೆ ಟ್ಯಾಪ್ ಬಳಸಿ, ಅದರಾಚೆಗೆ ಲೇತ್. ಒಳ ಥ್ರೆಡ್‌ಗೆ ಬೋರ್‌ನ ವ್ಯಾಸ, ಹೊರ ವ್ಯಾಸದಿಂದ ಪಿಚ್‌ನ 1.08 ಪಟ್ಟು ಕಳೆದಷ್ಟು. ಎಂ20, 1.5 ಪಿಚ್‌ಗೆ ಅದು 18.38 ಮಿಮೀ. ಜಾಗ ಎಷ್ಟು ಬಿಡುತ್ತದೋ ಅಷ್ಟು ದಪ್ಪದ, ಎಷ್ಟು ಸಾಧ್ಯವೋ ಅಷ್ಟು ಮೋಟಾದ ಬೋರಿಂಗ್ ಬಾರ್ ಆರಿಸಿ. ಬಾರ್ ಬಾಗುವುದರಿಂದ ಕೊನೆಯಲ್ಲಿ ಆಳ ಬದಲಿಸದೆ ಓಡಿಸುವ ಕಟ್‌ಗಳು ಹೊರ ಥ್ರೆಡ್‌ಗಿಂತ ಹೆಚ್ಚು ಬೇಕು, ನಾಲ್ಕೈದಾದರೂ. ಆಳ ಕೊಡುವುದು ನಿಮ್ಮ ಕಡೆಗೆ, ಟೂಲ್ ಬಿಡಿಸುವುದು ನಿಮ್ಮಿಂದಾಚೆಗೆ. ಅಭ್ಯಾಸಬಲದಿಂದ ಕೈ ಉಲ್ಟಾ ತಿರುಗಿಸುವ ಜಾಗ ಇದು, ಹಾಗಾಗಿ ಕ್ರಾಸ್ ಸ್ಲೈಡ್ ಹ್ಯಾಂಡಲ್ ಪಕ್ಕದಲ್ಲಿ ಬಾಣದ ಗುರುತು ಅಂಟಿಸಿಕೊಳ್ಳಿ. ತುದಿ ಮುಚ್ಚಿದ ಬೋರ್‌ನಲ್ಲಿ ಟೂಲ್ ಎಲ್ಲಿದೆಯೆಂದು ಕಣ್ಣಿಗೆ ಕಾಣದು. ಬಾರ್ ಮೇಲೆ ಮಾರ್ಕರ್‌ನಿಂದ ಒಂದು ಗೆರೆ ಎಳೆದು, ಆ ಗೆರೆ ಜಾಬ್‌ನ ಮುಖಕ್ಕೆ ಬಂದ ಕೂಡಲೇ ಹ್ಯಾಂಡಲ್ ನಿಲ್ಲಿಸಿ. ಜೋಡಿಯ ಹೊರ ಥ್ರೆಡ್ಡನ್ನು ಮೊದಲು ಮುಗಿಸಿಟ್ಟುಕೊಂಡಿದ್ದರೆ ಒಳ ಥ್ರೆಡ್‌ಗೆ ಅದೇ ಗೇಜ್ ಆಗುತ್ತದೆ.